ಉಗುರಿಗೆ ಸಿಗದ ಅಳತೆ

ಶುಕ್ರವಾರ ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಉಗುರು ಮೇಸ್ತ್ರಿ ಗುಜರಿ ಅಂಗಳದಲ್ಲಿ ಹಳೆಯ ಟೈರೊಂದರ ಮೇಲೆ ಕುಳಿತು, ಎಂಜಿನ್ ಬ್ಲಾಕೊಂದರ ಎರಡನೆಯ ಸಿಲಿಂಡರಿನೊಳಗೆ ಬಲಗೈ ಹೆಬ್ಬೆರಳನ್ನು ಇಳಿಬಿಟ್ಟಿದ್ದರು. ಅರವತ್ತೊಂದರ ಮಂಡಿಗಳು ಬಗ್ಗಿ ನಿಲ್ಲಲು ಒಪ್ಪುತ್ತಿರಲಿಲ್ಲ.

ಬ್ಲಾಕ್ ಬೇಕಾಗಿದ್ದುದು ಅಕ್ಕನ ಕಾರಿಗೆ. ಅಕ್ಕ ಡ್ರೈವಿಂಗ್ ಶಾಲೆ ನಡೆಸುತ್ತಾರೆ; ಶಾಲೆ ಎಂದರೆ ಒಂದು ಕೊಠಡಿ, ಒಂದು ಕಾರು ಮತ್ತು ಅಕ್ಕ. ನೀರು ಸೋರಿ ಎಂಜಿನ್ ಮಿತಿಮೀರಿ ಕಾದು ಆ ಕಾರಿನ ಬ್ಲಾಕ್ ಬಿರುಕು ಬಿಟ್ಟಿತ್ತು. ಆರು ತಿಂಗಳ ಹಿಂದೆ ಹಾಕಿದ ಪಿಸ್ಟನ್‌ಗಳಿಗೆ ಏನೂ ಆಗಿರಲಿಲ್ಲ. ಅವು ಸರಿಯಾಗಿ ಕೂರುವಂಥ ಹಳೆಯ ಬ್ಲಾಕ್ ಸಿಕ್ಕರೆ ಭಾನುವಾರ ಸಂಜೆಗೆ ಕಾರು ಓಡುತ್ತದೆ. ಸೋಮವಾರ ಅಕ್ಕನ ಬಳಿ ಕಲಿಯುತ್ತಿದ್ದ ಏಳು ಜನರಿಗೆ ಲೈಸೆನ್ಸ್ ಪರೀಕ್ಷೆ. ಅಂದು ಕಾರಿಲ್ಲದಿದ್ದರೆ ಏಳೂ ಜನ ಪಕ್ಕದ ಬೀದಿಯ ಶಾಲೆಗೆ ಹೋಗುತ್ತಾರೆ. ಹೋದವರು ತಮ್ಮ ತಂಗಿಯರನ್ನೂ ಅಲ್ಲಿಗೇ ಕಳಿಸುತ್ತಾರೆ.

ಸಿಲಿಂಡರಿನ ಗೋಡೆ ಪಿಸ್ಟನ್ನಿನ ಉಂಗುರಗಳು ಉಜ್ಜುವಷ್ಟು ಉದ್ದಕ್ಕೆ ಮಾತ್ರ ಸವೆಯುತ್ತದೆ. ಉಂಗುರ ಮುಟ್ಟದ ಮೇಲಂಚು ಹಾಗೆಯೇ ಉಳಿದು, ಅಲ್ಲೊಂದು ಸಣ್ಣ ಮೆಟ್ಟಿಲು ಹುಟ್ಟುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆದ ಉಗುರು ಅಲ್ಲಿ ಸಿಕ್ಕಿಕೊಂಡರೆ ಬ್ಲಾಕ್ ಸವೆದಿದೆ ಎಂದರ್ಥ. ಮೂವತ್ತೆಂಟು ವರ್ಷಗಳಿಂದ ಅವರು ಹೆಬ್ಬೆರಳಿನ ಉಗುರನ್ನು ಈ ಕೆಲಸಕ್ಕೆಂದೇ ಬೆಳೆಸಿದ್ದರು. ಹೆಸರು ಬಂದದ್ದೂ ಅದರಿಂದಲೇ.

“ಆ ಬೆಳ್ಳಿ ಬಣ್ಣದ್ದು ನೋಡಿ ಮೇಸ್ತ್ರಿ, ಮದುಮಗನ ಥರ ಇದೆ,” ಎಂದ ಗುಜರಿಯವ.

“ಅದಕ್ಕೇ ಬೇಡ. ಬಣ್ಣ ಬಳಿದಿದಾರೆ ಅಂದ್ರೆ ಏನೋ ಮುಚ್ಚಿಟ್ಟಿದಾರೆ.”

“ಬಳಿದಿದ್ದು ನಾನೇ. ಡಬ್ಬಿಲಿ ಸ್ವಲ್ಪ ಉಳಿದಿತ್ತು.”

“ಹಾಗಾದ್ರೆ ಅನುಮಾನವೇ ಇಲ್ಲ ಬಿಡು.”

ಎದುರಿಗಿದ್ದ ಬ್ಲಾಕಿಗೆ ಬಣ್ಣವಿರಲಿಲ್ಲ; ಬೆರಳಗಲ ಜಿಡ್ಡು ಹತ್ತಿತ್ತು. ಅದರ ನಾಲ್ಕೂ ಸಿಲಿಂಡರುಗಳಲ್ಲಿ ಉಗುರು ಎಲ್ಲಿಯೂ ಎಡವಲಿಲ್ಲ.

“ಒಳಗೆ ಗೇಜ್ ಇದೆ, ತಂದ್ಕೊಡ್ಲಾ? ಒಂದ್ಸಲ ಅಳೆದೇ ಬಿಡಿ.”

ಸರಿಯಾಗಿ ಅಳೆಯುವುದಾದರೆ ಪ್ರತಿ ಸಿಲಿಂಡರಿನಲ್ಲೂ ಮೂರು ಆಳಗಳಲ್ಲಿ, ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು. ಒಟ್ಟು ಇಪ್ಪತ್ತನಾಲ್ಕು ಸಲ ಬಗ್ಗಬೇಕು. ಮೇಸ್ತ್ರಿ ಹೆಬ್ಬೆರಳನ್ನು ಎತ್ತಿ ತೋರಿಸಿದರು. “ಹುಟ್ಟುವಾಗಲೇ ತಂದ ಗೇಜ್ ಇಲ್ಲಿದೆ. ಸುಮ್ನೆ ಗಾಡಿಗೆ ಹಾಕಿಸಯ್ಯ.”

ಶನಿವಾರ ಸಂಜೆ ನಾಲ್ಕಕ್ಕೆ ಮೇಸ್ತ್ರಿ ತಮ್ಮ ಗ್ಯಾರೇಜಿನಲ್ಲಿ, ತೊಳೆದು ಒರೆಸಿದ ಬ್ಲಾಕಿನೊಳಗೆ ಮೊದಲ ಪಿಸ್ಟನ್ ಇಳಿಸಿ ನೋಡಿದರು. ಅದು ಗಡಿಗೆಯಲ್ಲಿ ಬಿಟ್ಟ ಸೌಟಿನಂತೆ ಅತ್ತಿತ್ತ ಬಡಿಯಿತು. ಉಳಿದ ಮೂರೂ ಹಾಗೆಯೇ. ಆಗ ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ಗೇಜ್ ಇಳಿಸಿ ಅಳೆದರು. ಮೇಲೆ, ಕೆಳಗೆ, ಅಡ್ಡಕ್ಕೆ, ಉದ್ದಕ್ಕೆ, ಎಲ್ಲಿ ಅಳೆದರೂ ಮೂಲ ಅಳತೆಗೂ ಇದಕ್ಕೂ ಒಂದೇ ವ್ಯತ್ಯಾಸ. ಬ್ಲಾಕ್ ಸವೆದಿರಲಿಲ್ಲ. ಯಾರೋ ಹಿಂದೆಂದೋ ಸವೆತವನ್ನು ತೆಗೆಯಲು ನಾಲ್ಕೂ ಸಿಲಿಂಡರುಗಳನ್ನು ಕೊರೆದು ದೊಡ್ಡದು ಮಾಡಿಸಿದ್ದರು. ಕೊರೆದಾಗ ಮೆಟ್ಟಿಲೂ ಹೋಗಿತ್ತು. ಇಲ್ಲದ ಮೆಟ್ಟಿಲು ಉಗುರಿಗೆ ಸಿಗುವುದಾದರೂ ಹೇಗೆ?

ಗುಜರಿಯವನಿಗೆ ಫೋನ್ ಮಾಡಿದರು.

“ಮದುಮಗ ನಿನ್ನೆ ಮಧ್ಯಾಹ್ನವೇ ಹೋದ ಮೇಸ್ತ್ರಿ,” ಎಂದ ಅವನು. ಈ ಬ್ಲಾಕಿಗೆ ಹೊಂದುವ ದಪ್ಪ ಪಿಸ್ಟನ್‌ಗಳನ್ನು ಅವನೇ ತರಿಸಿಕೊಡುತ್ತಾನಂತೆ. ಆದರೆ ಬುಧವಾರಕ್ಕೆ ಮೊದಲು ಆಗುವುದಿಲ್ಲ.

ಮೇಸ್ತ್ರಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತರು. ಇದ್ದ ಪಿಸ್ಟನ್‌ಗಳನ್ನೇ ಹಾಕಿ ಬಿಗಿದರೂ ಕಾರು ಶುರುವಾಗುತ್ತಿತ್ತು. ಹೊಗೆ ಬಿಡುತ್ತಾ, ಕೆಮ್ಮುತ್ತಾ ಸೋಮವಾರವನ್ನು ದಾಟಿಸಲೂಬಹುದಿತ್ತು. ಪಕ್ಕದಲ್ಲಿ ಅಕ್ಕ ಕುಳಿತು ಕಲಿಸುವಾಗ ಯಾವ ತಿರುವಿನಲ್ಲಿ ನಿಲ್ಲುತ್ತಿತ್ತೋ ಹೇಳಲಾಗದು. ಇಡೀ ಎಂಜಿನ್ನನ್ನು ಮತ್ತೊಮ್ಮೆ ಇಳಿಸಲು ತಮ್ಮ ಸೊಂಟ ಉಳಿದಿರುತ್ತದೆಯೋ ಇಲ್ಲವೋ ಅದನ್ನೂ ಹೇಳಲಾಗದು.

ಐದೂವರೆಗೆ ಅಕ್ಕ ಫ್ಲಾಸ್ಕಿನಲ್ಲಿ ಚಹಾ ತಂದರು.

“ಯಾಕೋ, ಮುಖ ಹೀಗೆ ಜೋತು ಬಿದ್ದಿದೆ?”

“ಸೋಮವಾರಕ್ಕೆ ಆಗಲ್ಲ ಅಕ್ಕಾ. ತಪ್ಪು ಬ್ಲಾಕ್ ತಂದೆ. ಅವನು ಅಳೆದು ನೋಡಿ ಅಂದ. ನಾನೇ ಕೇಳಲಿಲ್ಲ.”

ಅಕ್ಕ ಚಹಾ ಬಗ್ಗಿಸಿ ತಮ್ಮನ ಕೈಗೆ ಕೊಟ್ಟು, ತಮ್ಮ ಫೋನ್ ತೆಗೆದು ಏಳು ಜನರಿಗೂ ಒಬ್ಬೊಬ್ಬರಿಗೇ ಹೇಳತೊಡಗಿದರು. ಮೂವರು ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದರು. ಮೂವರು ಮುಂದಿನ ವಾರದವರೆಗೆ ಕಾಯಲು ಒಪ್ಪಿದರು. ಕೊನೆಯವಳು ಬ್ಯಾಂಕಿನ ಗುಮಾಸ್ತೆ. ಕಾಯಬೇಕೆಂದರೆ ಕಾರಣ ಸರಿಯಾಗಿ ಗೊತ್ತಾಗಬೇಕೆಂದು ಪಟ್ಟು ಹಿಡಿದಳು.

ಅಕ್ಕ ಫೋನನ್ನು ಎದೆಗೆ ಒತ್ತಿಕೊಂಡರು. “ಎಷ್ಟು ವ್ಯತ್ಯಾಸ ಆಗಿದೆ ಅಂತ ಕೇಳ್ತಿದಾಳೆ ಕಣೋ. ನಾನೇನು ಹೇಳ್ಲಿ? ಸ್ವಲ್ಪ ಅನ್ಲಾ?”

“ಸ್ವಲ್ಪ ಅನ್ಬೇಡ,” ಎಂದರು ಮೇಸ್ತ್ರಿ, ಚಹಾದ ಲೋಟವನ್ನು ನೆಲಕ್ಕಿಟ್ಟು. “ಅರ್ಧ ಮಿಲಿಮೀಟರ್.”