ಗೋಕಟ್ಟೆಗೆ ತೋಳ ತಂದದ್ದು

ಐವತ್ತು ವರ್ಷ ಕುರಿ ಕಾಯ್ದವನು ನಾನು. ತೋಳ ಕಂಡರೆ ಬೈಯುವುದು, ಕಲ್ಲು ಬೀರುವುದು, ಇಷ್ಟೇ ನನ್ನ ವಿದ್ಯೆ. ಆ ವಿದ್ಯೆಯಿಂದಲೇ ನಮ್ಮೂರ ಗೋಕಟ್ಟೆಯನ್ನು ಕೆಡಿಸಿದೆ. ಸರಿಮಾಡಿದವಳು ನನ್ನ ಮಗಳ ಮಗಳು, ಆರನೇ ಕ್ಲಾಸಿನವಳು. ಇದನ್ನು ಕೊನೆಗೆ ಹೇಳಬೇಕಿತ್ತು, ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

ನನ್ನಿವಾಳದ ಹತ್ತಿರದ ನಮ್ಮೂರಲ್ಲಿ ಕುರಿ, ದನ ನೀರು ಕುಡಿಯುವುದು ಅದೊಂದೇ ಕಟ್ಟೆಯಲ್ಲಿ. ಹೋದ ಮಳೆಗೆ ಅದು ತುಂಬಿದಾಗ ಚಳ್ಳಕೆರೆ ಸಂತೆಯಿಂದ ಜಿಲೇಬಿ ಮೀನಿನ ಮರಿ ತಂದು ಬಿಟ್ಟೆ. ಹೊರದೇಶದ ಮೀನು, ಬೇಗ ಬೆಳೆಯುತ್ತದೆ ಎಂದಿದ್ದ ಮಾರುವವನು. ಆದರೆ ಕಟ್ಟೆಯಲ್ಲಿ ಮೊದಲಿಂದಲೂ ಕೊರವ ಮೀನುಗಳಿದ್ದವು. ಹಾವಿನಂಥ ತಲೆ, ಬಾಯಿ ತುಂಬ ಹಲ್ಲು, ಸಿಕ್ಕ ಮರಿಯನ್ನೆಲ್ಲ ನುಂಗುವ ಜಾತಿ. ನನ್ನ ಹೊಟ್ಟೆ ಉರಿಯಿತು. ಮಂದೆ ನನ್ನದು, ತೋಳ ಅದು! ಗಾಳ ಹಾಕಿ, ಬಲೆ ಬೀಸಿ ಒಂದೂ ಬಿಡದೆ ಹಿಡಿದೆ. ಊರವರು ಸಾರು ಮಾಡಿ ಉಂಡರು. ಉಂಡ ಖುಷಿಗೆ ನನ್ನನ್ನು ಅರಳಿಕಟ್ಟೆಯ ಮೇಲೆ ಕೂರಿಸಿ, ಶಾಲು ಹೊದಿಸಿ, ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರು.

ಬೇಸಿಗೆ ಬರುವಷ್ಟರಲ್ಲಿ ಜಿಲೇಬಿ ಮೀನು ಕಟ್ಟೆ ತುಂಬ ಆಯಿತು, ನೀರು ಹಸಿರು ಗಂಜಿಯಾಯಿತು. ಕುರಿಗಳು ಮೂಸಿ ನೋಡಿ ಹಿಂದಕ್ಕೆ ತಿರುಗಿದವು. ಶಾಲು ಹೊದಿಸಿದವರೇ ಸಭೆ ಸೇರಿದರು. ಒಬ್ಬ ಸುಣ್ಣ ಸುರಿಯಬೇಕೆಂದ, ಒಬ್ಬ ಮೈಲುತುತ್ತ ಎಂದ. ಮತ್ತೊಬ್ಬ, "ಇದು ಗಂಗಮ್ಮನ ಮುನಿಸು, ಕುರಿ ಕಡೀಬೇಕು," ಎಂದ. ಯಾರ ಕುರಿ ಎಂದು ಯಾರೂ ಕೇಳಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು.

ನನ್ನ ಚಿಂತೆ ಬೇರೆ ಇತ್ತು. ಪ್ರತಿ ಬೇಸಿಗೆ ನಾನು ಮಂದೆ ಹೊಡೆದುಕೊಂಡು ನೀರಿರುವ ಸೀಮೆಗೆ ಹೋಗುವವನು. ಮೊಮ್ಮಗಳು ರಜೆಗೆ ಮೊಳಕಾಲ್ಮೂರಿನಿಂದ ಬರುತ್ತಿದ್ದುದೂ ಆಗಲೇ. ಹುಟ್ಟಿದಾಗಿನಿಂದ ಒಂದು ರಜೆಯನ್ನೂ ಅವಳ ಜೊತೆ ಕಳೆದಿರಲಿಲ್ಲ. ಈ ಸಲ ಕಟ್ಟೆಯಲ್ಲಿ ನೀರಿದೆ, ಉಳಿಯುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಪ್ರತಿ ವರ್ಷ ನನ್ನ ಜೊತೆ ಮಂದೆ ಹೊಡೆಯುವ ಜೊತೆಗಾರರು ಕೊಟ್ಟಿದ್ದು ಒಂದೂವರೆ ತಿಂಗಳ ಗಡುವು. ಅಷ್ಟರಲ್ಲಿ ಕುರಿ ಕಟ್ಟೆಯ ನೀರು ಮುಟ್ಟದಿದ್ದರೆ ಹೊರಡಬೇಕು. ಅಲ್ಲಿಯವರೆಗೆ ಊರ ಬೋರಿನ ನೀರನ್ನು ಹೊತ್ತು ತಂದು ಕುಡಿಸುವುದು.

ಮೊಮ್ಮಗಳು ಬಂದವಳೇ ಕಟ್ಟೆ ನೋಡಿದಳು.

"ತಾತ, ಕೊರವ ಎಲ್ಲಿ?"

"ಎಲ್ಲಾ ಹಿಡ್ದಾಕ್ದೆ ಕಣವ್ವ. ಮರಿ ತಿಂತಿದ್ವು."

"ಮರಿ ಏನ್ ತಿಂತಾವೆ?"

"ಏನಾರ ತಿನ್ಲಿ ಬಿಡು, ನಮ್ಗೇನು?"

"ಶಾಲು ಹೊದ್ದಾಗ ಇದೊಂದ್ ಕೇಳ್ಬಾರ್ದಿತ್ತಾ?" ಎಂದು ಅಣಕಿಸಿ ಎರಡು ಬಕೆಟ್ಟಿಗೆ ಹಸಿರು ನೀರು ತುಂಬಿದಳು. ಪಕ್ಕದ ಗುಂಡಿಯಿಂದ ಸಾಸಿವೆಗಿಂತ ಚಿಕ್ಕ ನೀರುಹುಳಗಳನ್ನು ಬಟ್ಟೆಯಲ್ಲಿ ಸೋಸಿ ಎರಡಕ್ಕೂ ಬಿಟ್ಟಳು. ಒಂದಕ್ಕೆ ಮಾತ್ರ ನಾಲ್ಕು ಜಿಲೇಬಿ ಮರಿ. ವಾರ ಕಳೆಯಿತು. ಮೀನಿದ್ದ ಬಕೆಟ್ಟಿನಲ್ಲಿ ಹುಳ ಮಾಯ, ನೀರು ಇನ್ನೂ ಹಸಿರು. ಮೀನಿಲ್ಲದ್ದರಲ್ಲಿ ಬಕೆಟ್ಟಿನ ತಳ ಕಾಣುತ್ತಿತ್ತು.

ಆಗ ನನಗೆ ಅರ್ಥವಾಯಿತು. ನೀರನ್ನು ಹಸಿರು ಮಾಡಿದ ಪಾಚಿಯೇ ಹುಲ್ಲು, ಅದನ್ನು ಮೇಯುವ ಆ ಹುಳಗಳೇ ಕುರಿ. ನಾನು ಕುರಿಯೆಂದು ಸಾಕಿದ್ದು ಕುರಿ ತಿನ್ನುವ ಮೀನನ್ನು! ಅದು ಸಾಲದೆಂದು ಈ ಮೀನು ತಳದ ಕೆಸರು ಕೆದಕಿ, ನುಂಗಿ, ನೀರಿನಲ್ಲೆಲ್ಲ ಹಿಕ್ಕೆ ಹಾಕುತ್ತದಂತೆ, ಮೊಮ್ಮಗಳು ಹೇಳಿದಳು. ನಾವು ರೈತರ ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಹಾಕಿಸುವುದಿಲ್ಲವೇ, ಹಾಗೇ. ಗೊಬ್ಬರ ಬಿದ್ದ ಮೇಲೆ ಹಸಿರು ಏಳದೆ ಇರುತ್ತದೆಯೇ? ಇಷ್ಟು ವರ್ಷ ಅದೇ ಕೆಲಸ ಮಾಡಿದವನಿಗೆ ಹೊಳೆಯಲಿಲ್ಲ.

"ತೋಳ ವಾಪಸ್ ತಗಂಬಾ ತಾತ," ಎಂದಳು.

ಮಾರನೆಯ ದಿನ ಊರವರಿಂದ ಬಲೆ ಹಾಕಿಸಿ ದೊಡ್ಡ ಜಿಲೇಬಿಗಳನ್ನು ಎತ್ತಿಸಿದೆ. ತಿನ್ನುವ ಕೆಲಸವೆಂದರೆ ನಮ್ಮವರು ಕರೆಯದೆ ಬರುತ್ತಾರೆ. ಆಮೇಲೆ ದೂರದ ಕೆರೆಯಿಂದ ಜೀವಂತ ಕೊರವಗಳನ್ನು ಕೊಡದಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಕೊಡ ಅಲ್ಲಾಡಿತು.

"ಏನ್ ಯಜಮಾನ್ರೆ, ಕೊಡದಾಗೇನೈತೆ?" ಎಂದ ಕಂಡಕ್ಟರು.

"ತೋಳ."

"ಹಂಗಾರೆ ಅದಕ್ಕೂ ಒಂದ್ ಟಿಕೆಟ್ ತಗಳ್ರಿ."

ತೋಳಕ್ಕೆ ಟಿಕೆಟ್ ತೆಗೆದ ಕುರುಬ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಮೊಮ್ಮಗಳು ದಿನಾ ಬಿಳಿ ಬಟ್ಟಲನ್ನು ನೀರಲ್ಲಿ ಮುಳುಗಿಸಿ ನೋಡುತ್ತಿದ್ದಳು. ಮೊದಮೊದಲು ಗೇಣುದ್ದಕ್ಕೇ ಕಾಣೆಯಾಗುತ್ತಿತ್ತು. ಕೊರವಗಳು ಮರಿ ನುಂಗುತ್ತ ಹೋದಂತೆ ಗುಂಡಿಯ ಹುಳಗಳನ್ನೂ ಸೋಸಿ ತಂದು ಬಿಟ್ಟೆವು. ಬರುಬರುತ್ತ ಮೊಳದಾಳಕ್ಕೆ ಹೋದರೂ ಬಟ್ಟಲು ಕಂಡಿತು. ಗಡುವಿಗೆ ನಾಲ್ಕು ದಿನ ಉಳಿದಿರುವಾಗ ಮಂದೆಯನ್ನು ಕಟ್ಟೆಗೆ ಇಳಿಸಿದೆ. ಮುಂದಿದ್ದ ಕುರಿ ಮೂಸಿತು, ಸೀನಿತು. ಆಮೇಲೆ ಕತ್ತು ಬಗ್ಗಿಸಿ ಕುಡಿಯಿತು. ಹಿಂದೆಯೇ ಇಡೀ ಮಂದೆ.

ಜೊತೆಗಾರ ಬಂದು, "ಹೊರಡಾನೇನ್ಲೇ?" ಎಂದ.

"ನೀವು ಹೋಗ್ರಪ್ಪ. ನನ್ಗಿಲ್ಲಿ ಬಾಳ ಕೆಲಸ ಐತೆ."

ಕೆಲಸವೆಂದರೆ ಬೇವಿನ ನೆರಳಲ್ಲಿ ಮೊಮ್ಮಗಳ ಜೊತೆ ಚೌಕಾಬಾರ. ಆ ಮಧ್ಯಾಹ್ನ ಮೂರು ಆಟ ಸೋತೆ.