ಗಡಿಗೆಯ ಬಾಯಿಗೆ ಕಟ್ಟಿದ ಟವೆಲು

ಗಡಿಗೆಯೊಳಗೆ ಸಣ್ಣಗೆ ಸದ್ದಾಗುತ್ತಿತ್ತು, ಒಣಗಿದ ಎಲೆಗಳ ಮೇಲೆ ಇರುವೆಯ ಸಾಲು ಹೊರಟ ಹಾಗೆ. ಮಗ್ಗಕ್ಕೆ ಕೂಡುವ ಮುಂಚೆ ಅರ್ಜುನಪ್ಪ ದಿನಾ ಕಿವಿಯಿಟ್ಟು ಅದನ್ನು ಕೇಳುತ್ತಿದ್ದ. ಸದ್ದಿದ್ದರೆ ಜೀವವಿದೆ. ಇವತ್ತು ಮಗ್ಗಕ್ಕೆ ರಜೆ. ಗಡಿಗೆಯ ಬಾಯಿಗೆ ಟವೆಲು ಕಟ್ಟಿ, ಎದೆಗವಚಿಕೊಂಡು, ಗೆಳೆಯ ಮೋದಿನಸಾಬನ ಲೂನಾದ ಹಿಂದೆ ಕೂತ.

ಗಜೇಂದ್ರಗಡದ ನೇಕಾರರ ಓಣಿಗೆಲ್ಲ ಅವನ ಹುಚ್ಚು ಗೊತ್ತಿತ್ತು. ಬಿಳಿಜೋಳವನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಗಂಜಿ ಕಾಯಿಸಿ ಆರಿಸುವನು. ಹಳೆಯ ಗಡಿಗೆಯ ತಳದ ಚರಟ ಬೆರೆಸಿದರೆ ಒಂದೆರಡು ದಿನಕ್ಕೆ ಹುದುಗಿ, ನೊರೆಯೆದ್ದು ಮನೆಯ ಬಿಯರಾಗುತ್ತಿತ್ತು. ಮಾರುತ್ತಿರಲಿಲ್ಲ, ಬಂದವರಿಗೆ ಕುಡಿಸಿ ಮುಖ ನೋಡುತ್ತಿದ್ದ, ಅಷ್ಟೇ. ಚರಟ ಅವನ ತಾಯಿ ಸಕ್ಕೂಬಾಯಿಯದು. ಸೂಡಿಯಿಂದ ಮದುವೆಯಾಗಿ ಬರುವಾಗ ಅವಳು ಅದರಲ್ಲಿ ಬಟ್ಟೆ ಅದ್ದಿಕೊಂಡು ತಂದಿದ್ದಳು. ‘ಅರಿವಿ ಒಣಗೂದ್ರೊಳಗ ಗಂಜಿಗೆ ಹಾಕಬೇಕಪಾ, ಒಣಗಿತಂದ್ರ ಸತ್ತಂಗ’ ಎನ್ನುತ್ತಿದ್ದಳು. ಅವಳನ್ನು ಮಣ್ಣು ಮಾಡಿ ಬಂದ ದಿನವೂ ಅರ್ಜುನಪ್ಪ ಮೊದಲು ಗಡಿಗೆಗೆ ಗಂಜಿ ಹಾಕಿದ್ದ. ಅವಳ ಕೈಯದು ಎಂದು ಉಳಿದದ್ದು ಅದೊಂದೇ.

ಸರ್ಕಾರ ಸಾರಾಯಿ ನಿಲ್ಲಿಸಿದ ಮರುವರ್ಷ ರೋಣದ ರಸ್ತೆಯಲ್ಲಿ ಭೀಮೇಶ ಹೊಸ ಬಾರು ತೆರೆದಿದ್ದ. ಈಗ ಬಿಯರ್ ಮೇಳ ಅಂತ ಶಾಮಿಯಾನ ಹಾಕಿಸಿ, ಐಸಿನ ಡ್ರಮ್ಮುಗಳಲ್ಲಿ ಬಾಟಲಿ ಮುಳುಗಿಸಿ, ಸ್ಪೀಕರು ಹಚ್ಚಿದ್ದ. ‘ಅರ್ಜುನಣ್ಣಾ, ನಿನ್ನ ಗಡಿಗಿನೂ ತಗೊಂಬಾ’ ಎಂದು ಕರೆದವನು ಅವನೇ. ಒಳ್ಳೆಯದನ್ನೇ ಕುಡಿಸಬೇಕೆಂದು ಅರ್ಜುನಪ್ಪ ಇದ್ದಬದ್ದ ಚರಟವನ್ನೆಲ್ಲ ಸುರಿದು ತಂದಿದ್ದ.

"ಮನ್ಯಾಗ ಒಂದ ಹನಿನೂ ಬಿಟ್ಟಿಲ್ಲಾ? ಹುಚ್ಚ ಅದೀಯೇನಲೇ?" ಎಂದ ಮೋದಿನಸಾಬ.

"ತಳದಾಗ ಉಳೀತದ, ಬಿಡೋ."

ಶಾಮಿಯಾನದ ಮುಂದೆ ಲೂನಾ ನಿಲ್ಲಿಸಿ, ಕುಡಿಯದ ಮೋದಿನಸಾಬ ಚಹಾ ಹೇಳಿ ಬೇವಿನ ನೆರಳಿಗೆ ಹೋದ. ದಾರಿಯುದ್ದಕ್ಕೂ ನೊರೆ ಉಕ್ಕಿ ತೊಯ್ದಿದ್ದ ಟವೆಲನ್ನು ಅರ್ಜುನಪ್ಪ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಇದೇನ್ರೀ, ಅಂಬಲಿನೋ ಬಿಯರೋ?" ಮಂದಿ ನಕ್ಕರು.

"ಕುಡದ ನೋಡ್ರಿ, ಹೊಟ್ಟಿ ಹೇಳ್ತದ."

ಕುಡಿದ ಮೇಲೆ ನಗೆ ನಿಂತಿತು. ಲೋಟಗಳು ಮತ್ತೆ ಮತ್ತೆ ಮುಂದೆ ಬಂದವು. ಐಸಿನ ಡ್ರಮ್ಮುಗಳ ಮುಂದೆ ಯಾರೂ ಉಳಿಯಲಿಲ್ಲ. ಭೀಮೇಶ ಮುಖ ಕೆಂಪಗೆ ಮಾಡಿಕೊಂಡು ಬಂದ.

"ಸಾಕ ಮಾಡೋ ಅಣ್ಣಾ. ನನ್ನ ಮೇಳದಾಗ ನಿಂದೇನ ಅಂಗಡಿ?"

"ಕರದಾವ ನೀನ ಅಲ್ಲೇನ?"

"ಮಂದಿ ನಗಲೀ ಅಂತ ಕರದೆ!"

ಬೂಟುಗಾಲು ಬೀಸಿತು. ಗಡಿಗೆ ಹೋಳಾಯಿತು. ನೊರೆ ಬಿಸಿ ಮಣ್ಣಿನ ಮೇಲೆ ಒಂದು ಗಳಿಗೆ ಬುಸುಗುಟ್ಟಿ ಇಂಗಿಹೋಯಿತು.

ಅರ್ಜುನಪ್ಪ ಅವನ ಕುತ್ತಿಗೆ ಹಿಡಿದ. ನೂಲು ಎಳೆದೆಳೆದು ಗಟ್ಟಿಯಾದ ಬೆರಳುಗಳು ಬಿಡಲಿಲ್ಲ. ಮುಖವನ್ನು ಡ್ರಮ್ಮಿನ ಅಂಚಿಗೆ ಅಪ್ಪಳಿಸಿದ. ಹಲ್ಲು ಮುರಿದು ಐಸಿನ ಮೇಲೆ ಬಿತ್ತು. ಬಾರಿನ ಆಳುಗಳು ಅರ್ಜುನಪ್ಪನ ಪಕ್ಕೆಗೆ ಒದ್ದರು. ಭೀಮೇಶ ಕೈಗೆ ಸಿಕ್ಕ ಬಾಟಲಿಯನ್ನು ಅವನ ಹಣೆಗೆ ಒಡೆದ. ಬಿಯರೂ ರಕ್ತವೂ ಕಣ್ಣಿಗಿಳಿದವು. ಅರ್ಜುನಪ್ಪ ಕುರುಡನಂತೆ ತಡವಿ ಒಡೆದ ಬಾಟಲಿಯ ಕುತ್ತಿಗೆ ಎತ್ತಿಕೊಂಡ, ಭೀಮೇಶನನ್ನು ಕೆಡವಿ ಎದೆಯ ಮೇಲೆ ಮೊಣಕಾಲೂರಿದ, ಗಾಜನ್ನು ಗಂಟಲಿಗೆ ಒತ್ತಿದ. ಚರ್ಮ ಸೀಳಿ ರಕ್ತದ ಗೆರೆ ಮೂಡಿತು. ಇನ್ನಿಷ್ಟು ಒತ್ತಿದರೆ ಮುಗಿಯುತ್ತಿತ್ತು.

"ಬ್ಯಾಡಲೇ ದೋಸ್ತ!" ಮೋದಿನಸಾಬ ಓಡಿಬಂದು, ಅವನದೇ ಹೆಗಲಿನ ಟವೆಲು ಎಳೆದು ಹಣೆಗೆ ಒತ್ತಿದ. "ರಕ್ತ ಹೊಂಟದ, ಹಿಡ್ಕೊ!"

ಹುಳಿಯಾದ, ಬೆಚ್ಚಗಿನ, ತಾಯಿಯ ಸೆರಗಿನ ವಾಸನೆ ಮೂಗಿಗೆ ಬಡಿಯಿತು. ಅರ್ಜುನಪ್ಪನ ಕೈ ನಿಂತಿತು. ಟವೆಲನ್ನು ಹಣೆಯಿಂದ ಕಿತ್ತು ಮುಟ್ಟಿ ನೋಡಿದ. ಅಂಚು ಆಗಲೇ ಒಣಗಿ ಬಿರುಸಾಗಿತ್ತು. ನಡುವೆ ಇನ್ನೂ ಒದ್ದೆ.

ಗಾಜನ್ನು ಎಸೆದು ಎದ್ದ. ಟವೆಲನ್ನು ಮಡಿಸಿ, ಗಾಳಿ ತಾಗದಂತೆ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡ. ರಕ್ತ ಹಣೆಯಿಂದ ಸುರಿಯುತ್ತಲೇ ಇತ್ತು.

ಭೀಮೇಶ ರಕ್ತ ಉಗುಳುತ್ತ ಎದ್ದು ಕೂತ. "ಅಣ್ಣಾ, ಪೊಲೀಸರ ತನಕ ಬ್ಯಾಡ. ತಪ್ಪಾತು. ಹೊಸಾ ಗಡಿಗಿ ಕೊಡಸ್ತೀನಿ. ಮುಂದಿನ ಮೇಳಕ್ಕ ನಿನಗ ಬ್ಯಾರೆ ಟೇಬಲ್ಲು…"

"ಲೂನಾ ಚಾಲೂ ಮಾಡೋ," ಎಂದ ಅರ್ಜುನಪ್ಪ ಗೆಳೆಯನಿಗೆ.

"ಮೊದ್ಲ ದವಾಖಾನಿಗೆ…"

"ಮೊದ್ಲ ಮನಿಗೆ. ಅರಿವಿ ಒಣಗೂದ್ರೊಳಗ ಗಂಜಿ ಕಾಸಬೇಕು."

"ಅರ್ಜುನಣ್ಣಾ, ನಾ ಮಾತಾಡಾಕತ್ತೀನಲ್ಲ, ನಿಂದ್ರು, ನಾವಿಬ್ರೂ ಒಂದ…"

ಅರ್ಜುನಪ್ಪ ಆಗಲೇ ಶಾಮಿಯಾನ ದಾಟಿ, ಬಿಸಿಲಿಗೆ ಬೆನ್ನು ಕೊಟ್ಟು ಬಾಗಿಕೊಂಡು, ರಸ್ತೆಯ ಕಡೆಗೆ ನಡೆದಿದ್ದ.