ಟೀಚರ ಬಾಯಲ್ಲಿ ‘ಹ’

ಫ್ರಾನ್ಸಿನಲ್ಲಿ ಹುಟ್ಟಿ ಪುತ್ತೂರಿನಲ್ಲಿ ನೆಲೆಸಿದ್ದ ನಮ್ಮ ಪಕ್ಕದ ಮನೆಯ ಫ್ರೆಂಚ್ ಟೀಚರಿಗೆ ‘ಹ’ ಅಕ್ಷರ ಮಾತ್ರ ಬರುತ್ತಿರಲಿಲ್ಲ. ಬೆಳಿಗ್ಗೆ ಹಾಲಿಗೆಂದು ಅಂಗಡಿಯೆದುರು ನಿಂತು “ಆಲು ಉಂಟಾ?” ಎನ್ನುವರು. ಪಾಠಕ್ಕೆ ಬಂದವರ ಉಚ್ಚಾರ ತಪ್ಪಿದರೆ ಮಾತ್ರ ತೋರುಬೆರಳೆತ್ತಿ, “ಇನ್ನೊಮ್ಮೆ!”

ನನ್ನ ಗಂಡನಿಗೆ ಅಕ್ಕತಂಗಿಯರಿಲ್ಲ. ಮಗಳು ಹುಟ್ಟಿದಾಗ ಸೋದರತ್ತೆಯ ಸ್ಥಾನದಲ್ಲಿ ನಿಂತು ಕಿವಿಯಲ್ಲಿ ಹೆಸರು ಹೇಳಲು ಟೀಚರನ್ನೇ ಕರೆದೆವು. ಹೆಸರು ಹರಿಣಿ. ಅರಳಿದ ಅವರ ಮುಖ ಅಷ್ಟೇ ಬೇಗ ಬಾಡಿತು.

“ಮಗು ‘ಅರಿಣಿ’ ಆದ್ರೆ ಎಂತ ಮಾಡುದು ಮಾರಾಯ್ತಿ?”

ನನಗೆ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದ ಉಪಾಯ ನೆನಪಾಯಿತು. ಬಾಯಿಯೆದುರು ಕನ್ನಡಿ ಹಿಡಿಸಿದೆ. “ಕನ್ನಡಿ ಮಬ್ಬಾದ್ರೆ ‘ಹ’ ಬಂತು ಅಂತ ಲೆಕ್ಕ ಟೀಚರ್.” ಅಂದಿನಿಂದ ಅವರ ಕಿಟಕಿಯಲ್ಲಿ ಅದೇ ಸದ್ದು: “ಅರಿಣಿ... ಇನ್ನೊಮ್ಮೆ! ಅರಿಣಿ... ಇನ್ನೊಮ್ಮೆ!”

ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯ ಬಳಿ ವೀಳ್ಯದೆಲೆ ಹಿಡಿದು ಟೀಚರ್ ಬಾಗಿದರು. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಅವರು ಮಾತ್ರ ಎದೆ ತುಂಬ ಉಸಿರೆಳೆದು ಬಿಟ್ಟರು.

“ಹ್ಹರಿಣಿ!”

ಮಗುವಿನ ಎಳೆಗೂದಲು ಹಾರಿತು.

“ಬಂತು ಮಾರಾಯ್ರೆ, ಬಂತು!” ಎಂದು ನಮ್ಮ ಮಾವ ಚಪ್ಪಾಳೆ ತಟ್ಟಿದರು.

ಹೆಸರನ್ನು ಮೂರು ಸಲ ಹೇಳುವುದು ಶಾಸ್ತ್ರ. ಕಣ್ಣೊರೆಸಿಕೊಳ್ಳುತ್ತಿದ್ದ ಟೀಚರ ಮುಂದೆ ನಾನು ತೋರುಬೆರಳೆತ್ತಿದೆ.

“ಇನ್ನೊಮ್ಮೆ!”